ಮನೆ ಕೊಳ್ಳುವಾಗ ಮಧ್ಯವರ್ತಿ: ಯಾವುದಕ್ಕೆ ಬೇಕು, ಎಲ್ಲಿಯವರೆಗೆ ನಂಬಬೇಕು?

ನಮ್ಮಲ್ಲಿ ಹೆಚ್ಚಿನ ಮಧ್ಯಮ ವರ್ಗದ ಕುಟುಂಬಗಳು ಮನೆ ಕೊಳ್ಳುವುದು ಜೀವಮಾನದಲ್ಲಿ ಒಂದೇ ಸಲ. ವರ್ಷಗಟ್ಟಲೆ ಕೂಡಿಟ್ಟ ಭವಿಷ್ಯನಿಧಿ, ಮನೆಯಾಕೆಯ ಒಡವೆ, ಊರಿನ ಜಮೀನು ಮಾರಿ ಬಂದ ಪಾಲು, ಮುಂದಿನ ಇಪ್ಪತ್ತು ವರ್ಷದ ಸಂಬಳವನ್ನು ನಂಬಿ ತಂದ ಬ್ಯಾಂಕ್ ಸಾಲ, ಇಷ್ಟೂ ಒಂದು ಬೆಳಗ್ಗೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕೈ ಬದಲಾಗುತ್ತದೆ. ನಾವು ಒಂದೇ ಸಲ ಮಾಡುವ ಈ ಕೆಲಸವನ್ನು ವರ್ಷವಿಡೀ ಮಾಡುತ್ತಿರುವವರು ಒಬ್ಬರಿದ್ದಾರೆ. ಅವರೇ ಮಧ್ಯವರ್ತಿ. ಬ್ರೋಕರ್, ಏಜೆಂಟ್, ದಲ್ಲಾಳಿ, ಹೆಸರು ಯಾವುದಾದರೂ ಕೆಲಸ ಒಂದೇ.

ಮನೆ ಕೊಳ್ಳುವ ವಿಷಯವಾಗಿ ವೀಕ್ಷಕರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು ಬಗೆ. "ಬ್ರೋಕರ್ ಇಲ್ಲದೆ ಮನೆ ಕೊಳ್ಳುವುದು ಸಾಧ್ಯವಿಲ್ಲವೇ?" ಎಂದು ಕೆಲವರು ಕೇಳುತ್ತಾರೆ. "ನಮ್ಮ ಬ್ರೋಕರ್ ತುಂಬ ಒಳ್ಳೆಯವರು, ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ, ನಾವು ಬೇರೆ ವಕೀಲರನ್ನು ನೋಡಬೇಕೇ?" ಎಂದು ಇನ್ನು ಕೆಲವರು. ಮೊದಲನೆಯವರದು ಅತಿಯಾದ ಅಪನಂಬಿಕೆ, ಎರಡನೆಯವರದು ಅತಿಯಾದ ನಂಬಿಕೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ: ಮಧ್ಯವರ್ತಿಗೆ ಯಾವ ಕೆಲಸಕ್ಕೆ, ಯಾವಾಗ, ಯಾರಿಂದ ಹಣ ಸಿಗುತ್ತದೆ ಎಂಬುದನ್ನು ತಿಳಿದುಕೊಂಡರೆ, ಅವರ ಯಾವ ಮಾತನ್ನು ನಂಬಬೇಕು, ಯಾವುದನ್ನು ಬೇರೆಯವರಿಂದ ಪರೀಕ್ಷಿಸಿಕೊಳ್ಳಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಮಧ್ಯವರ್ತಿಯ ಕೆಲಸ ಏನು?

ರಸಾಯನಶಾಸ್ತ್ರದಲ್ಲಿ ಕ್ರಿಯಾವರ್ಧಕ ಎಂಬ ವಸ್ತುವನ್ನು ನೀವು ಶಾಲೆಯಲ್ಲಿ ಓದಿರಬಹುದು. ಅದು ಎರಡು ವಸ್ತುಗಳ ನಡುವಿನ ಕ್ರಿಯೆಯನ್ನು ಬೇಗ ನಡೆಸಿಕೊಡುತ್ತದೆ, ಆದರೆ ಕೊನೆಗೆ ಸಿಗುವ ಪದಾರ್ಥದಲ್ಲಿ ಅದು ಇರುವುದಿಲ್ಲ. ಮಧ್ಯವರ್ತಿಯೂ ಹಾಗೆಯೇ. ಮಾರುವವರನ್ನೂ ಕೊಳ್ಳುವವರನ್ನೂ ಒಂದೆಡೆ ಸೇರಿಸುತ್ತಾರೆ. ಆದರೆ ಕ್ರಯಪತ್ರದಲ್ಲಿ ಇರುವುದು ಮಾರುವವರ ಹೆಸರು, ಕೊಳ್ಳುವವರ ಹೆಸರು ಮತ್ತು ಸಾಕ್ಷಿಗಳ ಸಹಿ. ಐದು ವರ್ಷದ ನಂತರ ಆ ಮನೆಯ ಮೇಲೆ ದಾವೆ ಬಂದರೆ ನ್ಯಾಯಾಲಯದ ಮೆಟ್ಟಿಲು ಹತ್ತುವವರು ನೀವು.

ಹಾಗೆಂದು ಅವರ ಕೆಲಸ ಸಣ್ಣದೇನಲ್ಲ. ಒಂದು ಬಡಾವಣೆಯಲ್ಲಿ ಹತ್ತು ವರ್ಷ ಓಡಾಡಿದ ಮಧ್ಯವರ್ತಿಗೆ ಯಾವ ರಸ್ತೆಯಲ್ಲಿ ಕಾವೇರಿ ನೀರು ಬರುತ್ತದೆ, ಯಾವ ರಸ್ತೆ ಕೊಳವೆ ಬಾವಿ ಮತ್ತು ಟ್ಯಾಂಕರ್‌ಗಳನ್ನು ನಂಬಿದೆ, ಮಳೆ ಬಂದಾಗ ಎಲ್ಲಿ ನೀರು ನಿಲ್ಲುತ್ತದೆ, ಯಾವ ಮನೆಯವರು ಮಗಳ ಮದುವೆಗೆಂದು ಮಾರುತ್ತಿದ್ದಾರೆ, ಯಾವ ಮನೆ ಎರಡು ವರ್ಷದಿಂದ ಮಾರಾಟವಾಗದೆ ಉಳಿದಿದೆ ಎಂಬುದೆಲ್ಲ ಗೊತ್ತಿರುತ್ತದೆ. ಜಾಹೀರಾತಿನಲ್ಲಿ ಇಂಥ ತಿಳಿವಳಿಕೆ ಸಿಗುವುದಿಲ್ಲ. ಮನೆ ಹುಡುಕುವ ಶ್ರಮ, ಮಾಲೀಕರೊಡನೆ ಮಾತುಕತೆ, ಚೌಕಾಸಿಯ ನಡುವೆ ಮುರಿದುಬೀಳುವ ಮಾತನ್ನು ಮತ್ತೆ ಜೋಡಿಸುವುದು, ಇವಕ್ಕೆ ಅವರು ಪಡೆಯುವ ಹಣ ನ್ಯಾಯವಾದದ್ದೇ.

ಇವರಲ್ಲಿ ಮೂರು ತರದವರನ್ನು ಗುರುತಿಸಬಹುದು. ಒಂದೇ ಬಡಾವಣೆಯಲ್ಲಿ ಕೆಲಸ ಮಾಡುವ ಸ್ಥಳೀಯರು ಮೊದಲನೆಯವರು. ಕಚೇರಿ, ಸಿಬ್ಬಂದಿ ಇಟ್ಟುಕೊಂಡು ಇಡೀ ನಗರದಲ್ಲಿ ವ್ಯವಹಾರ ನಡೆಸುವ ಸಂಸ್ಥೆಗಳು ಎರಡನೆಯವು. ಬಿಲ್ಡರ್‌ಗಳ ಹೊಸ ಅಪಾರ್ಟ್‌ಮೆಂಟ್‌ಗಳನ್ನು ಮಾತ್ರ ಮಾರಿಸಿಕೊಡುವವರು ಮೂರನೆಯವರು. ಈ ಮೂರನೆಯವರು ಹಲವು ಬಾರಿ "ನಿಮ್ಮಿಂದ ಒಂದು ಪೈಸೆ ಕಮಿಷನ್ ಬೇಡ" ಎನ್ನುತ್ತಾರೆ. ಅದು ನಿಜವೂ ಹೌದು, ಏಕೆಂದರೆ ಅವರಿಗೆ ಹಣ ಕೊಡುವವರು ಬಿಲ್ಡರ್. ಹಣ ಕೊಡುವವರ ಕೆಲಸವನ್ನೇ ಅವರು ಮಾಡುತ್ತಾರೆ ಎಂಬುದನ್ನು ಮರೆಯಬಾರದು.

ಕಮಿಷನ್ನಿನ ಲೆಕ್ಕ

ಹಳೆಯ ಮನೆಗಳ ಮಾರಾಟದಲ್ಲಿ ದಲ್ಲಾಳಿ ಶುಲ್ಕ ಎಷ್ಟಿರಬೇಕೆಂದು ಕಾನೂನು ಗೊತ್ತುಮಾಡಿಲ್ಲ. ಬೆಲೆಯ ಶೇಕಡಾ 1ರಿಂದ 2ರಷ್ಟನ್ನು ಕೊಳ್ಳುವವರಿಂದಲೂ ಮಾರುವವರಿಂದಲೂ ಪಡೆಯುವ ರೂಢಿ ಇದೆ. ಇದು ರೂಢಿಯಷ್ಟೇ, ನಿಯಮವಲ್ಲ. ಆದ್ದರಿಂದ ಮಾತುಕತೆಗೆ ಯಾವಾಗಲೂ ಅವಕಾಶವಿದೆ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಮನೆಯ ಬೆಲೆ 60 ಲಕ್ಷ ರೂಪಾಯಿ, ಕಮಿಷನ್ ಶೇಕಡಾ 2 ಎಂದಿಟ್ಟುಕೊಳ್ಳಿ. ಮಧ್ಯವರ್ತಿಗೆ ನಿಮ್ಮಿಂದ 1,20,000 ರೂಪಾಯಿ ಸಿಗುತ್ತದೆ. ಅವರು ನಿಮಗಾಗಿ ಇನ್ನೂ ಎರಡು ವಾರ ಓಡಾಡಿ, ಮಾಲೀಕರೊಡನೆ ವಾದಿಸಿ ಬೆಲೆಯನ್ನು 58 ಲಕ್ಷಕ್ಕೆ ಇಳಿಸಿದರೆನ್ನಿ. ನಿಮಗೆ 2,00,000 ರೂಪಾಯಿ ಉಳಿಯಿತು. ಅವರ ಕಮಿಷನ್ 1,16,000ಕ್ಕೆ ಇಳಿಯಿತು. ಅಂದರೆ ನಿಮಗೆ ಎರಡು ಲಕ್ಷ ಉಳಿಸಿಕೊಟ್ಟದ್ದಕ್ಕೆ ಅವರು 4,000 ರೂಪಾಯಿ ಕಳೆದುಕೊಂಡರು. ವ್ಯವಹಾರ ಮುರಿದುಬಿದ್ದರೆ ಅವರು ಕಳೆದುಕೊಳ್ಳುವುದು ಇಡೀ 1,20,000.

ಇದರಲ್ಲಿ ಯಾರ ದುಷ್ಟತನವೂ ಇಲ್ಲ. ಲೆಕ್ಕವೇ ಹಾಗಿದೆ. ಬೆಲೆ ಸ್ವಲ್ಪ ಹೆಚ್ಚಾಗಲಿ ಕಡಿಮೆಯಾಗಲಿ, ವ್ಯವಹಾರ ಬೇಗ ಮುಗಿಯಬೇಕು ಎಂಬುದು ಎಂಥ ಪ್ರಾಮಾಣಿಕ ಮಧ್ಯವರ್ತಿಯ ಮನಸ್ಸಿನಲ್ಲೂ ಇರುವುದು ಸಹಜ. ಆದ್ದರಿಂದ "ಈ ಬಡಾವಣೆ ಹೇಗೆ?", "ಮಾಲೀಕರು ಎಂಥವರು?", "ಪಕ್ಕದ ರಸ್ತೆಯಲ್ಲಿ ಇತ್ತೀಚೆಗೆ ಎಷ್ಟಕ್ಕೆ ಹೋಯಿತು?" ಎಂಬ ಪ್ರಶ್ನೆಗಳನ್ನು ಅವರಿಗೆ ಧಾರಾಳವಾಗಿ ಕೇಳಿ. "ಈ ಮನೆ ತೆಗೆದುಕೊಳ್ಳಲೇ ಬೇಡವೇ?" ಎಂಬ ಪ್ರಶ್ನೆಯನ್ನು ಮಾತ್ರ ಅವರಿಗೆ ಕೇಳಬೇಡಿ. ಆ ಪ್ರಶ್ನೆಗೆ "ಬೇಡ" ಎಂದು ಉತ್ತರ ಕೊಟ್ಟರೂ ತನ್ನ ಶುಲ್ಕ ಕಳೆದುಕೊಳ್ಳದವರನ್ನು ಕೇಳಬೇಕು. ಹಕ್ಕುಪತ್ರಗಳ ವಿಷಯದಲ್ಲಿ ಅಂಥವರು ವಕೀಲರು, ಕಟ್ಟಡದ ವಿಷಯದಲ್ಲಿ ಸಿವಿಲ್ ಎಂಜಿನಿಯರ್.

ಬೇಕಾದರೆ ಈ ಲೆಕ್ಕವನ್ನೇ ಬದಲಿಸಿಕೊಳ್ಳಬಹುದು. ಶೇಕಡಾವಾರು ಬಿಟ್ಟು, ಇಂತಿಷ್ಟು ಸಾವಿರ ಎಂಬ ನಿಗದಿತ ಮೊತ್ತಕ್ಕೆ ಒಪ್ಪಿಕೊಳ್ಳಲು ಕೇಳಿ. ಆಗ ಬೆಲೆ ಇಳಿದರೆ ಅವರಿಗೆ ನಷ್ಟವಿರುವುದಿಲ್ಲ. ಬೆಲೆ ಇಂತಿಷ್ಟಕ್ಕಿಂತ ಕೆಳಗಿಳಿದರೆ ಉಳಿತಾಯದಲ್ಲಿ ಒಂದು ಸಣ್ಣ ಪಾಲು ಹೆಚ್ಚಿಗೆ ಕೊಡುತ್ತೇವೆ ಎಂದೂ ಹೇಳಬಹುದು.

ಅವರು ಯಾರ ಪರ?

ಭಾರತೀಯ ಕರಾರು ಅಧಿನಿಯಮ ಬಂದದ್ದು 1872ರಲ್ಲಿ. ಏಜೆಂಟ್ ಎಂದರೆ ಯಾರು, ಅವರ ಹೊಣೆ ಏನು ಎಂಬುದು ಅದರಲ್ಲಿ ವಿವರವಾಗಿದೆ. ಕೊಳ್ಳುವವರಿಗೆ ಉಪಯೋಗವಾಗುವ ನಾಲ್ಕು ಅಂಶಗಳನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ನಿಮ್ಮ ಏಜೆಂಟ್ ಆಗಿರುವವರು ಅದೇ ವ್ಯವಹಾರದಲ್ಲಿ ನಿಮಗೆ ತಿಳಿಸದೆ ಸ್ವಂತಕ್ಕೆ ವ್ಯವಹಾರ ನಡೆಸಿ, ಮುಖ್ಯ ಸಂಗತಿಯನ್ನು ವಂಚನೆಯಿಂದ ಮುಚ್ಚಿಟ್ಟಿದ್ದರೆ ಅಥವಾ ಅದರಿಂದ ನಿಮಗೆ ನಷ್ಟವಾಗಿದ್ದರೆ, ಆ ವ್ಯವಹಾರವನ್ನು ನೀವು ನಿರಾಕರಿಸಬಹುದು. ಇದು 215ನೇ ಪ್ರಕರಣ. ಹಾಗೆ ಗುಟ್ಟಾಗಿ ಪಡೆದ ಲಾಭವನ್ನು ನೀವು ಕೇಳಿ ಪಡೆಯಬಹುದು ಎನ್ನುತ್ತದೆ 216ನೇ ಪ್ರಕರಣ. ಬೇರೆ ಒಪ್ಪಂದವಿಲ್ಲದಿದ್ದರೆ, ವಹಿಸಿದ ಕೆಲಸ ಪೂರ್ತಿಯಾಗುವವರೆಗೆ ಏಜೆಂಟರ ಶುಲ್ಕ ಸಲ್ಲುವುದಿಲ್ಲ, ಇದು 219ನೆಯದು. ವಹಿಸಿದ ಕೆಲಸದ ಯಾವ ಭಾಗದಲ್ಲಿ ದುರ್ನಡತೆ ತೋರಿದರೋ ಆ ಭಾಗಕ್ಕೆ ಶುಲ್ಕ ಕೇಳುವ ಹಕ್ಕಿಲ್ಲ, ಇದು 220ನೆಯದು.

ಆದರೆ ಈ ಹಕ್ಕುಗಳು ನಿಮಗೆ ದಕ್ಕಬೇಕಾದರೆ ಅವರು ನಿಮ್ಮ ಏಜೆಂಟ್ ಎಂಬುದು ಮೊದಲು ಗೊತ್ತಾಗಬೇಕು. ಎರಡೂ ಕಡೆಯಿಂದ ಕಮಿಷನ್ ಪಡೆಯುವವರು ಯಾರ ಪರ ಎಂದು ಹೇಳುವುದು ಕಷ್ಟ. ಅದಕ್ಕೇ ಮೊದಲ ಭೇಟಿಯಲ್ಲೇ ಮುಜುಗರ ಪಡದೆ ಕೇಳಿ: "ಮಾಲೀಕರಿಂದಲೂ ನೀವು ಕಮಿಷನ್ ತೆಗೆದುಕೊಳ್ಳುತ್ತೀರಾ? ಎಷ್ಟು?" ಹೌದು ಎಂದು ನೇರವಾಗಿ ಹೇಳುವವರೊಡನೆ ವ್ಯವಹಾರ ಮಾಡಬಹುದು. ಮಾತು ತೇಲಿಸುವವರ ವಿಷಯದಲ್ಲಿ ಎಚ್ಚರ ಬೇಕು.

ರೇರಾ ಕಾನೂನು ಎಲ್ಲಿ ಅನ್ವಯ, ಎಲ್ಲಿ ಇಲ್ಲ

ರೇರಾ ಎಂದು ಎಲ್ಲರೂ ಕರೆಯುವ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಅಧಿನಿಯಮವನ್ನು ಸಂಸತ್ತು 2016ರಲ್ಲಿ ಅಂಗೀಕರಿಸಿತು. ಅದು ಪೂರ್ಣವಾಗಿ ಜಾರಿಗೆ ಬಂದದ್ದು 2017ರ ಮೇ 1ರಂದು. ಕರ್ನಾಟಕದ ನಿಯಮಗಳು ಅದೇ ವರ್ಷ ಜುಲೈನಲ್ಲಿ ಬಂದವು. ನಮ್ಮ ದೇಶದಲ್ಲಿ ಮಧ್ಯವರ್ತಿಗಳಿಗೂ ನೋಂದಣಿ ಬೇಕೆಂದು ಹೇಳಿದ ಕೇಂದ್ರ ಕಾನೂನು ಇದು.

ರೇರಾದಲ್ಲಿ ನೋಂದಣಿಯಾಗಬೇಕಾದ ಯೋಜನೆಯ ನಿವೇಶನ ಅಥವಾ ಅಪಾರ್ಟ್‌ಮೆಂಟ್ ಮಾರಿಸಿಕೊಡುವ ಏಜೆಂಟ್ ಸ್ವತಃ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ತಾನು ನಡೆಸಿಕೊಡುವ ಪ್ರತಿ ಮಾರಾಟದಲ್ಲೂ ಆ ಸಂಖ್ಯೆಯನ್ನು ನಮೂದಿಸಬೇಕು. ನೋಂದಣಿಯಾಗದ ಯೋಜನೆಯನ್ನು ಮಾರಿಸಬಾರದು. ಲೆಕ್ಕಪತ್ರ ಇಡಬೇಕು. ಇಲ್ಲದ ಸೌಕರ್ಯವನ್ನು ಇದೆಯೆಂದು ಹೇಳಬಾರದು. ಬುಕಿಂಗ್ ಸಮಯದಲ್ಲಿ ಕೊಳ್ಳುವವರಿಗೆ ಸಲ್ಲಬೇಕಾದ ಎಲ್ಲ ಮಾಹಿತಿ, ದಾಖಲೆಗಳು ಅವರಿಗೆ ಸಿಗುವಂತೆ ಮಾಡಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಮಾರಿಸಿದ ಆಸ್ತಿಯ ಬೆಲೆಯ ಶೇಕಡಾ 5ರವರೆಗೂ ದಂಡ ಬೀಳಬಹುದು.

ಪರೀಕ್ಷಿಸುವುದು ಸುಲಭ. ಏಜೆಂಟರ ಹೆಸರನ್ನೂ ಯೋಜನೆಯ ಹೆಸರನ್ನೂ ಕರ್ನಾಟಕ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಇಲ್ಲಿ ಒಂದು ಎಚ್ಚರ: "ರೇರಾ ನಂಬರ್ ಇದೆ" ಎಂದು ತೋರಿಸುವುದು ಕೆಲವೊಮ್ಮೆ ಯೋಜನೆಯ ಸಂಖ್ಯೆಯಾಗಿರುತ್ತದೆ. ಯೋಜನೆಯ ನೋಂದಣಿ ಬೇರೆ, ಏಜೆಂಟರ ನೋಂದಣಿ ಬೇರೆ. ಎರಡನ್ನೂ ನೋಡಿ.

ಇನ್ನು ಮುಖ್ಯವಾದ ಮಾತು. ಒಬ್ಬರು ಹತ್ತು ವರ್ಷ ವಾಸವಾಗಿದ್ದ ಸ್ವಂತ ಮನೆಯನ್ನು ನಿಮಗೆ ಮಾರುತ್ತಿದ್ದರೆ, ಅಂಥ ವ್ಯವಹಾರಕ್ಕೆ ಸಾಮಾನ್ಯವಾಗಿ ರೇರಾದ ರಕ್ಷಣೆ ಇರುವುದಿಲ್ಲ. 500 ಚದರ ಮೀಟರ್ ಮೀರದ ಜಾಗದ ಅಥವಾ 8ಕ್ಕಿಂತ ಹೆಚ್ಚು ಮನೆಗಳಿಲ್ಲದ ಹೊಸ ಕಟ್ಟಡಗಳಿಗೂ ನೋಂದಣಿ ಕಡ್ಡಾಯವಿಲ್ಲ. ನಮ್ಮ ಊರುಗಳಲ್ಲಿ 30–40ರ ನಿವೇಶನದ ಮನೆಗಳ ವ್ಯವಹಾರ ನಡೆಯುವುದು ಬಹುಪಾಲು ಈ ಬಗೆಯಲ್ಲೇ. ಅಲ್ಲಿ ನಿಮ್ಮನ್ನು ಕಾಯುವುದು ನೀವೇ ಬರೆಸಿಕೊಂಡ ಕರಾರು ಮತ್ತು ನಿಮ್ಮ ವಕೀಲರ ಪರಿಶೀಲನೆ.

ಆರಿಸುವ ಮುನ್ನ

ಮೊದಲು ಸಿಕ್ಕವರನ್ನೇ ಹಿಡಿದುಕೊಳ್ಳದೆ ಇಬ್ಬರು ಮೂವರೊಡನೆ ಮಾತನಾಡಿ. ನಿಮಗೆ ಬೇಕಾದ ಬಡಾವಣೆಯಲ್ಲಿ ಎಷ್ಟು ಕಾಲದಿಂದ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿ. ಇತ್ತೀಚೆಗೆ ಮನೆ ಕೊಡಿಸಿದ ಇಬ್ಬರ ಪರಿಚಯ ಮಾಡಿಸಲು ಹೇಳಿ. ಆ ಮನೆಯವರನ್ನು ಕಂಡು "ನೋಂದಣಿಯಾದ ಮೇಲೆ ಖಾತಾ ಬದಲಾವಣೆಗೆ ಅವರು ನೆರವಾದರೇ? ಹೇಳಿದ್ದಕ್ಕಿಂತ ಹೆಚ್ಚು ಕೇಳಿದರೇ?" ಎಂದು ವಿಚಾರಿಸಿ. ಕೆಲಸ ಮುಗಿದು ಕಮಿಷನ್ ಪಡೆದ ಮೇಲೂ ದೂರವಾಣಿ ಎತ್ತಿಕೊಳ್ಳುವವರು ಒಳ್ಳೆಯ ಮಧ್ಯವರ್ತಿ.

ನೀವು ನೋಡಿದ ಒಂದೆರಡು ಮನೆಗಳಲ್ಲಿ ಏನು ಕೊರತೆ ಎಂದು ಅವರನ್ನೇ ಕೇಳಿ ನೋಡಿ. ಪಶ್ಚಿಮದ ಬಿಸಿಲು, ಇಕ್ಕಟ್ಟಾದ ರಸ್ತೆ, ಪಕ್ಕದ ಕಾರ್ಖಾನೆಯ ಸದ್ದು, ಹೀಗೆ ಏನಾದರೂ ಒಂದನ್ನು ತಾವಾಗಿಯೇ ಹೇಳುವವರ ಉಳಿದ ಮಾತಿಗೂ ಬೆಲೆ ಇದೆ. ತೋರಿಸಿದ ಪ್ರತಿಯೊಂದು ಮನೆಯೂ "ಚಿನ್ನದಂಥ ಪ್ರಾಪರ್ಟಿ" ಆಗಿದ್ದರೆ ಅವರಿಂದ ನಿಮಗೆ ತಿಳಿಯುವುದೇನೂ ಇಲ್ಲ.

ನಿಮ್ಮ ಕಡೆಯಿಂದಲೂ ಒಂದು ಸಂಯಮ ಬೇಕು. ನಿಮಗೆ ಎಷ್ಟು ಮನೆ, ಯಾವ ಬಡಾವಣೆ, ಎಷ್ಟು ಕೋಣೆ ಬೇಕೆಂದು ಸ್ಪಷ್ಟವಾಗಿ ಹೇಳಿ. ಆದರೆ ನಿಮ್ಮಿಂದ ಆಗುವ ಕಟ್ಟಕಡೆಯ ಮೊತ್ತವನ್ನು ಹೇಳಬೇಡಿ. "ಎಪ್ಪತ್ತರವರೆಗೂ ಆಗಬಹುದು" ಎಂಬ ಮಾತು ಬಾಯಿಂದ ಬಿದ್ದರೆ ಅರವತ್ತರ ಮನೆಯೂ ಎಪ್ಪತ್ತರ ಹತ್ತಿರ ಬಂದು ನಿಲ್ಲುತ್ತದೆ.

ಮಾತು ಕಾಗದದ ಮೇಲಿರಲಿ

ಒಂದು ಪುಟ ಸಾಕು. ಅದರಲ್ಲಿ ಇವಿಷ್ಟು ಇರಲಿ: ಕಮಿಷನ್ ಎಷ್ಟು, ಜಿ.ಎಸ್.ಟಿ. ಸೇರಿ ಅಥವಾ ಹೊರತು, ಯಾವಾಗ ಸಲ್ಲುತ್ತದೆ, ಹಕ್ಕುಪತ್ರ ಸರಿಯಿಲ್ಲದೆ ವ್ಯವಹಾರ ನಿಂತರೆ ಏನು, ಮಾಲೀಕರಿಂದ ಅವರು ಪಡೆಯುವುದೆಷ್ಟು, ಬೇರೆ ಮಧ್ಯವರ್ತಿಗಳ ಮೂಲಕ ನೀವು ಹುಡುಕಬಹುದೇ. ಜಿ.ಎಸ್.ಟಿ. ನೋಂದಣಿ ಹೊಂದಿದ ಏಜೆಂಟ್ ಕಮಿಷನ್ ಮೇಲೆ ಶೇಕಡಾ 18 ತೆರಿಗೆ ಸೇರಿಸುತ್ತಾರೆ. 1,20,000 ರೂಪಾಯಿಯ ಮೇಲೆ ಇದು 21,600 ರೂಪಾಯಿ. ಕೊನೆಯ ದಿನ ಇದನ್ನು ಕೇಳಿ ಬೆಚ್ಚಿಬೀಳುವುದಕ್ಕಿಂತ ಮೊದಲೇ ತಿಳಿದಿರುವುದು ಮೇಲು.

ಕಮಿಷನ್ನನ್ನು ಮುಂಗಡ ಕೊಟ್ಟ ದಿನವೇ ಪೂರ್ತಿ ಕೊಡಬೇಡಿ. ಕ್ರಯಪತ್ರ ನೋಂದಣಿಯಾದ ದಿನ ಮುಕ್ಕಾಲು ಪಾಲು, ಖಾತಾ ನಿಮ್ಮ ಹೆಸರಿಗೆ ಬಂದ ಮೇಲೆ ಉಳಿದದ್ದು ಎಂಬ ಒಪ್ಪಂದ ಇಬ್ಬರಿಗೂ ಒಳ್ಳೆಯದು. ಅವರು ನಿಮಗೆ ಮನೆ ತೋರಿಸಿದ ಮೇಲೆ, ಅವರನ್ನು ಬಿಟ್ಟು ನೇರವಾಗಿ ಮಾಲೀಕರ ಬಳಿ ಹೋಗಿ ಕಮಿಷನ್ ತಪ್ಪಿಸುವುದು ಸರಿಯಲ್ಲ. ಪ್ರಾಮಾಣಿಕತೆ ಒಂದೇ ಕಡೆಯಿಂದ ಬರುವಂಥದ್ದಲ್ಲ.

ಮಾಲೀಕರನ್ನು ನೋಡದೆ ಬೆಲೆ ಮಾತನಾಡಬೇಡಿ

ಈ ವ್ಯವಹಾರದಲ್ಲಿ ಹೆಚ್ಚಿನ ತೊಂದರೆ ಹುಟ್ಟುವುದು ಎರಡು ಕಡೆ. ಅವನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲನೆಯದು, "ಮೇಲಿನದು ನನ್ನದು" ಎಂಬ ಪದ್ಧತಿ. ಮಾಲೀಕರು "ನನಗೆ 55 ಲಕ್ಷ ಕೈಗೆ ಬಂದರೆ ಸಾಕು" ಎಂದಿರುತ್ತಾರೆ. ಮಧ್ಯವರ್ತಿ ನಿಮಗೆ 60 ಎನ್ನುತ್ತಾರೆ. ನಡುವಿನ 5 ಲಕ್ಷ ಅವರ ಪಾಲು, ಅದರ ಮೇಲೆ ನಿಮ್ಮಿಂದ ಕಮಿಷನ್ ಬೇರೆ. ಮಾಲೀಕರನ್ನು ನಿಮಗೆ ಭೇಟಿ ಮಾಡಿಸದೆ, "ಅವರು ತುಂಬ ಬ್ಯುಸಿ", "ಅವರಿಗೆ ಯಾರೊಂದಿಗೂ ಮಾತು ಬೇಡ" ಎಂದು ಮುಂದೂಡುತ್ತಿದ್ದರೆ ಈ ಅನುಮಾನ ಪಡಬೇಕು. ಪರಿಹಾರ ಸರಳ: ಬೆಲೆ ಅಂತಿಮವಾಗುವ ದಿನ ಮಾಲೀಕರು, ಅವರ ಮನೆಯವರು, ನೀವು ಮತ್ತು ಮಧ್ಯವರ್ತಿ ಒಂದೇ ಕಡೆ ಕುಳಿತಿರಬೇಕು. ಹೊರ ಊರಿನಲ್ಲಿರುವ ಮಾಲೀಕರಾದರೆ ಕನಿಷ್ಠ ವಿಡಿಯೋ ಕರೆಯಲ್ಲಾದರೂ ಮುಖ ನೋಡಿ ಮಾತನಾಡಿ.

ಎರಡನೆಯದು ಇದಕ್ಕಿಂತ ಅಪಾಯದ್ದು. ಮಧ್ಯವರ್ತಿಯೇ ಮಾಲೀಕರಿಗೆ ಸ್ವಲ್ಪ ಮುಂಗಡ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡು, ಜೊತೆಗೆ ಒಂದು ಜಿ.ಪಿ.ಎ., ಅಂದರೆ ಸಾಮಾನ್ಯ ಅಧಿಕಾರ ಪತ್ರವನ್ನು ಬರೆಸಿಕೊಂಡಿರುತ್ತಾರೆ. ಅದನ್ನು ತೋರಿಸಿ ನಿಮಗೆ ಮಾರಲು ಬರುತ್ತಾರೆ. ಇಲ್ಲಿ ಅವರು ಮಧ್ಯವರ್ತಿಯಲ್ಲ. ಮಾಲೀಕರೂ ಅಲ್ಲ. ಕ್ರಯದ ಕರಾರು ತಾನಾಗಿಯೇ ಆಸ್ತಿಯಲ್ಲಿ ಯಾವ ಹಕ್ಕನ್ನೂ ಉಂಟುಮಾಡುವುದಿಲ್ಲ ಎಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೇ ಪ್ರಕರಣ ಹೇಳುತ್ತದೆ. ಅಗ್ರಿಮೆಂಟ್, ಜಿ.ಪಿ.ಎ., ಉಯಿಲು ಇವುಗಳ ಮೂಲಕ ನಡೆಯುವ ಮಾರಾಟದಿಂದ ಸ್ಥಿರಾಸ್ತಿಯ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ವಿದೇಶದಲ್ಲಿರುವ ಮಗ ತಂದೆಗೆ ಅಧಿಕಾರ ಪತ್ರ ಕೊಟ್ಟು ಮಾರಿಸುವುದು ಬೇರೆ ವಿಷಯ, ಅದು ನ್ಯಾಯಸಮ್ಮತ. ಆಗಲೂ ಅಧಿಕಾರ ಕೊಟ್ಟವರು ಬದುಕಿದ್ದಾರೆಯೇ, ಅದನ್ನು ರದ್ದುಪಡಿಸಿಲ್ಲವೇ ಎಂದು ಅವರೊಡನೆ ನೇರವಾಗಿ ಖಚಿತಪಡಿಸಿಕೊಳ್ಳಬೇಕು.

ಮನೆಯನ್ನು ನೋಡುವುದಕ್ಕೂ ಮಧ್ಯವರ್ತಿ ಹೇಳಿದ ಸಮಯಕ್ಕೆ ಒಮ್ಮೆ ಹೋದರೆ ಸಾಲದು. ಅವರಿಲ್ಲದೆ ಇನ್ನೊಮ್ಮೆ, ಸಾಧ್ಯವಾದರೆ ಮಳೆಯ ಮರುದಿನ, ಆ ರಸ್ತೆಯಲ್ಲಿ ನಡೆದಾಡಿ. ಅಕ್ಕಪಕ್ಕದವರನ್ನೂ ದಿನಸಿ ಅಂಗಡಿಯವರನ್ನೂ ಮಾತನಾಡಿಸಿ. ಅಪಾರ್ಟ್‌ಮೆಂಟ್ ಆದರೆ ಸಂಘದ ಕಾರ್ಯದರ್ಶಿಯನ್ನು ಕಂಡು ನಿರ್ವಹಣಾ ಶುಲ್ಕದ ಬಾಕಿ ಇದೆಯೇ ಎಂದು ಕೇಳಿ. ಬೆಲೆ ಹೇಳುವಾಗ ಬಳಸುವ ಸೂಪರ್ ಬಿಲ್ಟ್ ಅಪ್ ಏರಿಯಾದಲ್ಲಿ ಮೆಟ್ಟಿಲು, ಲಿಫ್ಟು, ಓಣಿಗಳ ಪಾಲೂ ಸೇರಿರುತ್ತದೆ. ನೀವು ಚಾಪೆ ಹಾಸಬಹುದಾದ ಜಾಗವೆಂದರೆ ಕಾರ್ಪೆಟ್ ಏರಿಯಾ. ಎರಡು ಮನೆಗಳ ಬೆಲೆಯನ್ನು ಇದರ ಮೇಲೆ ಹೋಲಿಸಿ.

ಕಾಗದಪತ್ರಕ್ಕೆ ನಿಮ್ಮದೇ ವಕೀಲರು

"ನಮ್ಮ ವಕೀಲರೇ ಇದ್ದಾರೆ, ಅವರೇ ನೋಡುತ್ತಾರೆ" ಎಂಬ ಮಾತನ್ನು ಮಧ್ಯವರ್ತಿಗಳು ಒಳ್ಳೆಯ ಮನಸ್ಸಿನಿಂದಲೇ ಹೇಳಬಹುದು. ಆದರೂ ವಿನಯದಿಂದ ಬೇಡ ಎನ್ನಿ. ನಿಮ್ಮ ವಕೀಲರಿಗೆ ಶುಲ್ಕ ಕೊಡುವವರು ನೀವಾಗಿರಬೇಕು, ವ್ಯವಹಾರ ಆದರೂ ಆಗದಿದ್ದರೂ ಆ ಶುಲ್ಕ ಸಲ್ಲಬೇಕು. "ಬ್ಯಾಂಕ್ ಸಾಲ ಮಂಜೂರಾಗಿದೆ, ಅವರ ವಕೀಲರು ನೋಡಿದ್ದಾರೆ" ಎಂಬುದೂ ಸಾಲದು. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಸಾಲದ ಭದ್ರತೆಯನ್ನು.

ಇ.ಸಿ. ಎಂದು ಕರೆಯುವ ಋಣಭಾರ ಪತ್ರವನ್ನು ಮಧ್ಯವರ್ತಿ ತಂದುಕೊಟ್ಟರೂ, ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ ತಂತ್ರಾಂಶದ ಮೂಲಕ ನೀವೇ ಒಂದನ್ನು ತೆಗೆಸಿ ತಾಳೆ ನೋಡಿ. ಅದರಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲುಪಟ್ಟಿ, ನ್ಯಾಯಾಲಯದಲ್ಲಿರುವ ದಾವೆ ಅದರಲ್ಲಿ ಕಾಣದೇ ಇರಬಹುದು. ಹಾಗೆಯೇ ಖಾತಾ ಎಂಬುದು ತೆರಿಗೆ ಕಟ್ಟುವವರ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಈಗ ಇ-ಖಾತಾ ಇಲ್ಲದೆ ನೋಂದಣಿ ನಡೆಯುವುದಿಲ್ಲವಾದ್ದರಿಂದ ಅದು ಬೇಕೇ ಬೇಕು, ಆದರೆ ಅದೊಂದೇ ಸಾಲದು. "ಬಿ ಖಾತಾ ಇದೆ, ಇನ್ನು ಮೂರು ತಿಂಗಳಲ್ಲಿ ಎ ಆಗುತ್ತದೆ" ಎಂದರೆ, "ಆದ ಮೇಲೆ ಬರುತ್ತೇವೆ" ಎಂಬುದೇ ಸರಿಯಾದ ಉತ್ತರ.

ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ಕೇಳಿ. "ಹೆಣ್ಣುಮಕ್ಕಳೆಲ್ಲ ಮದುವೆಯಾಗಿ ಹೋಗಿದ್ದಾರೆ, ಅವರ ಸಹಿ ಬೇಡ" ಎಂಬ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ಹಿಂದೂ ಉತ್ತರಾಧಿಕಾರ ಕಾನೂನಿಗೆ 2005ರಲ್ಲಾದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ. ಆ ದಿನ ತಂದೆ ಬದುಕಿರಬೇಕಾಗಿರಲಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲರ ಸಹಿ ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಬೇಕಾದವರು ವಕೀಲರು. ಊರಂಚಿನ ನಿವೇಶನಗಳಲ್ಲಿ ಭೂ ಪರಿವರ್ತನೆ ಆಗಿದೆಯೇ, ಮೂಲ ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂಬುದನ್ನೂ ನೋಡಬೇಕು. ಅಂಥ ಜಮೀನಿನ ಪರಭಾರೆಯನ್ನು 1978ರ ರಾಜ್ಯ ಕಾನೂನು ನಿರ್ಬಂಧಿಸುತ್ತದೆ.

ಹಣ ಕೊಡುವಾಗ

"ಇವತ್ತು ಟೋಕನ್ ಕೊಡದಿದ್ದರೆ ನಾಳೆ ಬೇರೆಯವರು ಬರುತ್ತಾರೆ" ಎನ್ನುವುದು ಈ ವ್ಯಾಪಾರದ ಹಳೆಯ ಮಾತು. ನಿಜವಿದ್ದರೂ ಇರಬಹುದು. ಆದರೆ ಕೈತಪ್ಪಿದ ಮನೆಗೆ ಬದಲು ಇನ್ನೊಂದು ಮನೆ ಸಿಗುತ್ತದೆ, ದಾವೆಯಲ್ಲಿ ಸಿಕ್ಕಿಕೊಂಡ ಹಣ ಸುಲಭವಾಗಿ ಸಿಗುವುದಿಲ್ಲ. ಟೋಕನ್ ಕೊಡಲೇಬೇಕಾದರೆ ಸಣ್ಣ ಮೊತ್ತವನ್ನು ಮಾಲೀಕರ ಹೆಸರಿಗೆ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಕೊಡಿ, ಮಧ್ಯವರ್ತಿಯ ಖಾತೆಗೆ ಬೇಡ. "ಹಕ್ಕುಪತ್ರ ಸರಿಯಿಲ್ಲವೆಂದು ವಕೀಲರು ಹೇಳಿದರೆ ಇಷ್ಟು ದಿನದೊಳಗೆ ಪೂರ್ತಿ ವಾಪಸು" ಎಂದು ರಸೀದಿಯಲ್ಲೇ ಬರೆಸಿ. ರೇರಾ ಯೋಜನೆಗಳಲ್ಲಿ ನೋಂದಾಯಿತ ಕರಾರಿಗೆ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣವನ್ನು ಬಿಲ್ಡರ್ ಪಡೆಯುವಂತಿಲ್ಲ.

"ಅರ್ಧ ಬಿಳಿ, ಅರ್ಧ ಕಪ್ಪು" ಎಂಬ ಸಲಹೆಗೆ ಕಿವಿಗೊಡಬೇಡಿ. ಸ್ಥಿರಾಸ್ತಿ ಮಾರಾಟಕ್ಕೆ ಸಂಬಂಧಿಸಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಅದಿರಲಿ, ವ್ಯವಹಾರ ಮುರಿದರೆ ಕಪ್ಪಿನಲ್ಲಿ ಕೊಟ್ಟದ್ದಕ್ಕೆ ನಿಮ್ಮ ಬಳಿ ಯಾವ ಸಾಕ್ಷಿಯೂ ಇರುವುದಿಲ್ಲ.

ಬೆಲೆಯ ಮೇಲಿನ ಖರ್ಚನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತು. ನಗರ ಪ್ರದೇಶದ 60 ಲಕ್ಷದ ಮನೆಗೆ ಶೇಕಡಾ 5ರ ಮುದ್ರಾಂಕ ಶುಲ್ಕ 3,00,000, ಅದರ ಮೇಲಿನ ಉಪಕರ ಮತ್ತು ಸರ್‌ಚಾರ್ಜ್ 36,000, ನೋಂದಣಿ ಶುಲ್ಕ 1,20,000, ಒಟ್ಟು 4,56,000 ರೂಪಾಯಿ. ಸರ್ಕಾರದ ಮಾರ್ಗಸೂಚಿ ದರ ಇದಕ್ಕಿಂತ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಶೇಕಡಾ 1ರಷ್ಟು ಟಿ.ಡಿ.ಎಸ್. ಕಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಹೊಣೆ. ಮಾರುವವರು ಅನಿವಾಸಿ ಭಾರತೀಯರಾದರೆ ದರ ಬೇರೆ. ಹಣ ಕೊಡುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ.

ತಕರಾರು ಬಂದರೆ

ರೇರಾ ಯೋಜನೆಯ ವಿಷಯವಾದರೆ ಏಜೆಂಟರ ಮೇಲೂ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಹಣ ಪಡೆದು ಸೇವೆಯಲ್ಲಿ ಲೋಪ ಮಾಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾನೂನಿನಡಿ ಜಿಲ್ಲಾ ಗ್ರಾಹಕರ ಆಯೋಗವಿದೆ. ನಕಲಿ ದಾಖಲೆ, ವಂಚನೆ ಕಂಡುಬಂದರೆ ಪೊಲೀಸ್ ಠಾಣೆ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಕಾಗದವನ್ನು. ಆದ್ದರಿಂದ ರಸೀದಿ, ಒಪ್ಪಂದ, ಫೋನಿನಲ್ಲಿ ಬಂದ ಸಂದೇಶಗಳನ್ನು ಕಾಪಾಡಿಕೊಳ್ಳಿ.

ನೆನಪಿಡಿ

• ಕಮಿಷನ್ ಎಷ್ಟು, ಯಾರಿಂದ, ಯಾವಾಗ ಎಂಬುದನ್ನು ಮೊದಲ ದಿನವೇ ಕೇಳಿ, ಬರೆಸಿಕೊಳ್ಳಿ.
• ಹೊಸ ಯೋಜನೆಯಾದರೆ ಏಜೆಂಟರ ಮತ್ತು ಯೋಜನೆಯ ರೇರಾ ನೋಂದಣಿ ಎರಡನ್ನೂ ನೋಡಿ.
• ಮಾಲೀಕರನ್ನು ಮುಖತಃ ಕಾಣದೆ ಬೆಲೆ ಒಪ್ಪಬೇಡಿ.
• ವಕೀಲರನ್ನು ನೀವೇ ಆರಿಸಿ. ಅವರ ಅಭಿಪ್ರಾಯ ಲಿಖಿತವಾಗಿ ಬರುವವರೆಗೆ ದೊಡ್ಡ ಮೊತ್ತ ಕೊಡಬೇಡಿ.
• ಹಣವೆಲ್ಲ ಬ್ಯಾಂಕಿನ ಮೂಲಕ, ಮಾಲೀಕರ ಹೆಸರಿಗೇ ಹೋಗಲಿ.

ಮನೆಯನ್ನು ಹುಡುಕಿಕೊಡುವ ಕೆಲಸ ಮಧ್ಯವರ್ತಿಯದು. ಅದಕ್ಕೆ ಒಪ್ಪಿದ ಶುಲ್ಕವನ್ನು ಸಂತೋಷದಿಂದ ಕೊಡಿ. ಆ ಮನೆ ಕೊಳ್ಳಬಹುದೇ ಎಂಬ ತೀರ್ಮಾನವನ್ನು ಮಾತ್ರ ನಿಮ್ಮ ಬಳಿ, ನಿಮ್ಮ ಮನೆಯವರ ಬಳಿ ಉಳಿಸಿಕೊಳ್ಳಿ. ಬೀಗದ ಕೈ ನಿಮ್ಮ ಕೈಗೆ ಬಂದ ಮೇಲೆ ಆ ಮನೆಯ ಸಾಲ ತೀರಿಸುವವರೂ ಅದರಲ್ಲಿ ಬಾಳುವವರೂ ನೀವೇ.